ಒಂದೇ ಪಂದ್ಯದಲ್ಲಿ 5 ಗೋಲು ಹೊಡೆದ ಒಲೆಗ್ ಸಲೆಂಕೋ ಆಮೇಲೆ ರಷ್ಯಾಕ್ಕೆ ಯಾಕೆ ಆಡಲೇ ಇಲ್ಲ?

ಹಾಲ್ಫ್ ಟೈಮ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಗಳು ಶಾಲೆಯ ಕ್ವಿಜ್‌ಗೆ ತಯಾರಾಗುತ್ತಿದ್ದಾಳೆ. ಅವಳ ಜೊತೆ ಕೂತು ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದವರ ಪಟ್ಟಿ ಓದುತ್ತಿದ್ದೆ. 1986ಕ್ಕೆ ಲಿನೆಕರ್, 1990ಕ್ಕೆ ಸ್ಕಿಲಾಚಿ, 1998ಕ್ಕೆ ಶುಕರ್, 2002ಕ್ಕೆ ರೊನಾಲ್ಡೊ. ಎಲ್ಲ ಕೇಳಿದ ಹೆಸರುಗಳೇ. 1994ಕ್ಕೆ ಬಂದರೆ ಇಬ್ಬರಿದ್ದಾರೆ. ಬಲ್ಗೇರಿಯಾದ ಸ್ಟೊಯ್ಚ್‌ಕೊವ್, ರಷ್ಯಾದ ಒಲೆಗ್ ಸಲೆಂಕೋ. ಇಬ್ಬರದ್ದೂ 6 ಗೋಲು.

ಸ್ಟೊಯ್ಚ್‌ಕೊವ್ ಗೊತ್ತು, ಬಾರ್ಸಿಲೋನಾದವನು. ಸಲೆಂಕೋ ಬಗ್ಗೆ ಹುಡುಕಿದರೆ ತಲೆ ತಿರುಗುತ್ತದೆ. ರಷ್ಯಾ ಮೊದಲ ಸುತ್ತಿನಲ್ಲೇ ಮನೆಗೆ ಹೋಗಿದೆ. ಇವನ 6 ಗೋಲಿನಲ್ಲಿ 5 ಬಂದಿರುವುದು ಒಂದೇ ಪಂದ್ಯದಲ್ಲಿ, ಕ್ಯಾಮರೂನ್ ಮೇಲೆ. ಆಗ ಅವನಿಗೆ 24 ವರ್ಷ. ದೇಶಕ್ಕೆ ಅದೇ ಅವನ ಕೊನೆಯ ಪಂದ್ಯ ಕೂಡ. ಒಟ್ಟು 8 ಪಂದ್ಯ, 6 ಗೋಲು, ಮುಗೀತು.

ಒಂದೇ ಪಂದ್ಯದಲ್ಲಿ 5 ಗೋಲು ಹೊಡೆದವನನ್ನು ಮತ್ತೆ ಯಾರೂ ಕರೆಯಲಿಲ್ಲವೇ? ಗಾಯವಾಯಿತೇ, ಜಗಳವಾಯಿತೇ, ಅಥವಾ ಸುಮ್ನೆ ಒಂದು ದಿನದ ಅದೃಷ್ಟವೇ? ಗೊತ್ತಿರುವವರು ಹೇಳಿ.

ಥ್ರೋ ಇನ್:

ನನ್ನ ಪ್ರಕಾರ ಅದೃಷ್ಟವೇ. ಆ ದಿನ ಕ್ಯಾಮರೂನ್ ತಂಡ ಒಳಗೇ ಒಡೆದುಹೋಗಿತ್ತು. ಆಟಗಾರರಿಗೆ ಬೋನಸ್ ಹಣ ಸಿಕ್ಕಿಲ್ಲ ಎಂಬ ಗಲಾಟೆ. ಮೊದಲೆರಡು ಪಂದ್ಯ ಆಡಿದ್ದ ಹಿರಿಯ ಗೋಲ್‌ಕೀಪರ್ ಜೋಸೆಫ್ ಆಂಟೊಯಿನ್ ಬೆಲ್ ಆ ಪಂದ್ಯದಲ್ಲಿ ಇರಲಿಲ್ಲ, ಸೊಂಗೊ ನಿಂತಿದ್ದ. ಅಂಥ ಡಿಫೆನ್ಸ್ ಎದುರು ಯಾರು ನಿಂತಿದ್ದರೂ ಮೂರು ಗೋಲು ಬರುತ್ತಿತ್ತು. ಅದರಲ್ಲಿ ಒಂದು ಪೆನಾಲ್ಟಿ ಬೇರೆ. ಆಮೇಲೆ ದೊಡ್ಡ ಕ್ಲಬ್‌ಗಳಿಗೆ ಹೋಗಿ ಏನೂ ಮಾಡಲಿಲ್ಲ. ಹಾಗಾಗಿ ಕರೆಯಲಿಲ್ಲ.

ಬಾಕ್ಸ್ ಒಳಗಿನವ:

ಈ ಪ್ರಶ್ನೆಗೆ ಸ್ವಲ್ಪ ಉದ್ದಕ್ಕೇ ಉತ್ತರ ಬರೆಯುತ್ತೇನೆ. ನಾನು ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವವನು, ಹಿಂದೆ ಫಾರ್ವರ್ಡ್ ಆಗಿ ಆಡಿದವನು. ಸಲೆಂಕೋ ಹೆಸರು ಬಂದಾಗಲೆಲ್ಲ ‘ಅದೃಷ್ಟ’ ಎಂಬ ಮಾತು ಬರುತ್ತದೆ. ಅದು ನನಗೆ ಸರಿ ಕಾಣುವುದಿಲ್ಲ.

ಅವನು ಹುಟ್ಟಿದ್ದು 1969ರಲ್ಲಿ, ಲೆನಿನ್‌ಗ್ರಾಡ್‌ನಲ್ಲಿ. ಈಗಿನ ಸೇಂಟ್ ಪೀಟರ್ಸ್‌ಬರ್ಗ್. ಊರಿನ ಸ್ಮೆನಾ ಫುಟ್‌ಬಾಲ್ ಶಾಲೆಯಲ್ಲಿ ಕಲಿತ. 1986ರಲ್ಲಿ, 16ನೇ ವಯಸ್ಸಿಗೆ, ಜೆನಿತ್ ತಂಡಕ್ಕೆ ಇಳಿದು ಮೊದಲ ಪಂದ್ಯದಲ್ಲೇ ಗೋಲು ಹೊಡೆದ. ಆಗ ಜೆನಿತ್ ಕೋಚ್ ಪಾವೆಲ್ ಸದೀರಿನ್. ಈ ಹೆಸರು ನೆನಪಿಟ್ಟುಕೊಳ್ಳಿ, ಕಥೆಯಲ್ಲಿ ಮತ್ತೆ ಬರುತ್ತದೆ. ಆ ಜೆನಿತ್ ಸಣ್ಣ ತಂಡ ಅಲ್ಲ. 1984ರಲ್ಲಿ ಸೋವಿಯತ್ ಲೀಗ್ ಗೆದ್ದ ತಂಡ. ಅಲ್ಲಿ 16 ವರ್ಷದ ಹುಡುಗನಿಗೆ ಸುಮ್ನೆ ಯಾರೂ ಜಾಗ ಕೊಡುವುದಿಲ್ಲ.

1989ರಲ್ಲಿ ಡೈನಮೊ ಕೀವ್ ಅವನನ್ನು ಕರೆದುಕೊಂಡಿತು. ಸೋವಿಯತ್ ಫುಟ್‌ಬಾಲ್‌ನಲ್ಲಿ ಒಂದು ಕ್ಲಬ್ ಇನ್ನೊಂದಕ್ಕೆ ರಾಜಾರೋಷವಾಗಿ ದುಡ್ಡು ಕೊಟ್ಟು ಕೊಂಡ ಮೊದಲ ಆಟಗಾರ ಅವನೇ ಎನ್ನುತ್ತಾರೆ. ಕೀವ್‌ನಲ್ಲಿ ಆಗ ಲೊಬನೊವ್ಸ್ಕಿ ಕೋಚ್. 1990ರಲ್ಲಿ ತಂಡ ಲೀಗೂ ಗೆದ್ದಿತು, ಕಪ್ಪೂ ಗೆದ್ದಿತು.

ಅದೇ 1989ರಲ್ಲಿ ಸೌದಿ ಅರೇಬಿಯಾದಲ್ಲಿ ಯುವಕರ ವಿಶ್ವಕಪ್ ನಡೆಯಿತು. ಅಲ್ಲಿ ಅತಿ ಹೆಚ್ಚು ಗೋಲು ಹೊಡೆದವನು ಸಲೆಂಕೋ. 5 ಗೋಲು. ಕ್ವಾರ್ಟರ್ ಫೈನಲ್‌ನಲ್ಲಿ ಸೋವಿಯತ್ ತಂಡ ನೈಜೀರಿಯಾ ಮೇಲೆ 4-0 ಮುಂದಿತ್ತು. ನೈಜೀರಿಯಾ ನಾಲ್ಕೂ ಗೋಲು ತೀರಿಸಿ 4-4 ಮಾಡಿ ಪೆನಾಲ್ಟಿಯಲ್ಲಿ ಗೆದ್ದಿತು. ದಮ್ಮಾಮ್ ಪವಾಡ ಎಂದು ಇವತ್ತಿಗೂ ನೈಜೀರಿಯಾದವರು ಹೇಳಿಕೊಳ್ಳುವ ಪಂದ್ಯ ಅದು. ಯುವಕರ ವಿಶ್ವಕಪ್, ದೊಡ್ಡವರ ವಿಶ್ವಕಪ್, ಎರಡರಲ್ಲೂ ಗೋಲಿನ ಪಟ್ಟಿಯ ತುದಿಯಲ್ಲಿ ನಿಂತವನು ಅವನು. ಎರಡು ಸಲವೂ ಅವನ ತಂಡ ಬೇಗ ಮನೆಗೆ ಹೋಯಿತು. ಒಂದು ದಿನದ ಅದೃಷ್ಟ ಐದು ವರ್ಷ ಮೊದಲೇ ಶುರುವಾಗುತ್ತದೆಯೇ, ನೀವೇ ಹೇಳಿ.

ಸೋವಿಯತ್ ಒಕ್ಕೂಟ ಒಡೆದ ಮೇಲೆ ಆಟಗಾರರೆಲ್ಲ ಪಶ್ಚಿಮಕ್ಕೆ ಹೊರಟರು. ಸಲೆಂಕೋ 1993ರ ಆರಂಭದಲ್ಲಿ ಸ್ಪೇನ್‌ನ ಲೊಗ್ರೊನ್ಯೆಸ್ ಸೇರಿದ. ಲಾ ರಿಯೋಹಾ ಎಂಬ ದ್ರಾಕ್ಷಿ ತೋಟಗಳ ಸೀಮೆಯ ಕ್ಲಬ್. ಸ್ಪೇನ್‌ನ ಮೇಲಿನ ಲೀಗ್ ಆದ ಲಾ ಲೀಗಾದಲ್ಲಿ ಉಳಿದುಕೊಂಡರೆ ಅದೇ ಆಗ ಅವರಿಗೆ ದೊಡ್ಡ ವಿಷಯ. 1993-94ರ ಲೀಗ್‌ನಲ್ಲಿ ಅವನು ಆ ತಂಡಕ್ಕೆ 16 ಗೋಲು ಹೊಡೆದ. ನನಗೆ ಕ್ಯಾಮರೂನ್ ಮೇಲಿನ 5 ಗೋಲಿಗಿಂತ ಈ 16 ದೊಡ್ಡದು. ಕೆಳಗಿನ ತಂಡದಲ್ಲಿ ಸ್ಟ್ರೈಕರ್ ಆಗಿ ಆಡಿದವರಿಗೆ ಇದರ ಕಷ್ಟ ಗೊತ್ತು. ಪಂದ್ಯಪೂರ್ತಿ ಓಡಿದರೂ ಸರಿಯಾದ ಪಾಸ್ ಎರಡು ಬಂದರೆ ಪುಣ್ಯ. ಮೊದಲನೆಯದು ತಪ್ಪಿದರೆ ಎರಡನೆಯದಕ್ಕೆ ಅರ್ಧ ಗಂಟೆ ಕಾಯಬೇಕು, ಮನಸ್ಸು ಕೆಡದ ಹಾಗೆ. ನಾನು ಹುಡುಗರಿಗೆ ಹೇಳಿಕೊಡಲು ಒದ್ದಾಡುವುದು ಇದನ್ನೇ. ಒದೆಯುವುದು ಕಲಿಸಬಹುದು, ಕಾಯುವುದು ಕಲಿಸುವುದು ಕಷ್ಟ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 1993ರ ನವೆಂಬರ್‌ನಲ್ಲಿ ರಷ್ಯಾ ಅಥೆನ್ಸ್‌ನಲ್ಲಿ ಗ್ರೀಸ್ ಎದುರು 0-1 ಸೋತಿತು. ವಿಶ್ವಕಪ್‌ಗೆ ಟಿಕೆಟ್ ಅಷ್ಟರಲ್ಲೇ ಸಿಕ್ಕಿತ್ತು. ಆದರೆ ಆ ರಾತ್ರಿಯೇ 14 ಆಟಗಾರರು ಕೋಚ್ ವಿರುದ್ಧ ಒಂದು ಪತ್ರಕ್ಕೆ ಸಹಿ ಹಾಕಿದರು. ಕೋಚ್ ಬದಲಿಸಿ, ಅನಾತೊಲಿ ಬಿಶೊವೆಟ್ಸ್‌ನನ್ನು ತನ್ನಿ, ಹಣದ ವ್ಯವಸ್ಥೆ ಸರಿ ಮಾಡಿ ಎಂದು. ಆ ಕೋಚ್ ಯಾರು ಗೊತ್ತೇ? ಅದೇ ಸದೀರಿನ್. ಸಹಿ ಹಾಕಿದವರಲ್ಲಿ ಸಲೆಂಕೋ ಕೂಡ ಇದ್ದ. ಹದಿನಾರರ ಹುಡುಗನಾಗಿದ್ದಾಗ ಅವನನ್ನು ಮೈದಾನಕ್ಕೆ ಇಳಿಸಿದವರ ವಿರುದ್ಧವೇ.

ಫೆಡರೇಷನ್ ಮಣಿಯಲಿಲ್ಲ. ಕೆಲವರು ಹಿಂದೆ ಸರಿದು ತಂಡಕ್ಕೆ ಮರಳಿದರು, ಸಲೆಂಕೋ ಅವರಲ್ಲಿ ಒಬ್ಬ. ಕಾಂಚೆಲ್‌ಸ್ಕಿಸ್, ಶಾಲಿಮೊವ್, ಕೊಲಿವಾನೊವ್, ಡೊಬ್ರೊವೊಲ್‌ಸ್ಕಿ, ಕಿರಿಯಾಕೊವ್ ಅಂಥವರು ಬರಲೇ ಇಲ್ಲ. ಮ್ಯಾಂಚೆಸ್ಟರ್ ಯುನೈಟೆಡ್, ಇಂಟರ್ ಮಿಲಾನ್‌ನಲ್ಲಿ ಆಡುತ್ತಿದ್ದವರು ಇಲ್ಲದೆ ತಂಡ ಅಮೆರಿಕಕ್ಕೆ ಹೋಯಿತು. ಒಳಗೆ ಒಡೆದುಹೋಗಿದ್ದ ತಂಡ ಎಂದು ಕ್ಯಾಮರೂನ್ ಬಗ್ಗೆ ಹೇಳಿದಿರಲ್ಲ, ಅದೇ ಮಾತು ರಷ್ಯಾಕ್ಕೂ ಸಲ್ಲುತ್ತದೆ.

ಮೊದಲ ಪಂದ್ಯ ಬ್ರೆಜಿಲ್ ಎದುರು. ಸಲೆಂಕೋ ಬೆಂಚ್ ಮೇಲೆ ಕೂತು, ದ್ವಿತೀಯಾರ್ಧದಲ್ಲಿ ಇಳಿದ. 0-2 ಸೋಲು. ಎರಡನೆಯದು ಸ್ವೀಡನ್ ಎದುರು. ನಾಲ್ಕನೇ ನಿಮಿಷಕ್ಕೆ ಪೆನಾಲ್ಟಿಯಲ್ಲಿ ಸಲೆಂಕೋ ಗೋಲು. ಆಮೇಲೆ ರಷ್ಯಾದ ಗೊರ್ಲುಕೊವಿಚ್ ಕೆಂಪು ಕಾರ್ಡ್ ಪಡೆದ, ಸ್ವೀಡನ್ ಮೂರು ಗೋಲು ಹಾಕಿತು, ಅದರಲ್ಲಿ ಎರಡು ಡಾಹ್ಲಿನ್‌ನದು, 1-3. ಮೂರನೆಯದು ಜೂನ್ 28ಕ್ಕೆ, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸ್ಟೇಡಿಯಂನಲ್ಲಿ, ಕ್ಯಾಮರೂನ್ ಎದುರು.

ಸಲೆಂಕೋ ಗೋಲುಗಳು 15ನೇ ನಿಮಿಷ, 41, 44 ಪೆನಾಲ್ಟಿ, 72, 75. ರಾಡ್‌ಚೆಂಕೊ ಇನ್ನೊಂದು ಹಾಕಿ 6-1. ಕ್ಯಾಮರೂನ್‌ನ ಆ ಒಂದು ಗೋಲು 42 ವರ್ಷದ ರೊಜೆ ಮಿಲ್ಲಾನದು. ವಿಶ್ವಕಪ್‌ನಲ್ಲಿ ಗೋಲು ಹೊಡೆದ ಅತಿ ಹಿರಿಯ ಅವನು. ಐದನೇ ಗೋಲನ್ನು ಒಮ್ಮೆ ನೋಡಿ. ಕೀಪರ್ ಮುಂದೆ ನುಗ್ಗುತ್ತಿದ್ದಾನೆ, ಸಲೆಂಕೋ ಬಲ ಹಾಕದೆ ಚೆಂಡನ್ನು ಅವನ ಮೇಲಿಂದ ಎತ್ತಿ ಬಿಡುತ್ತಾನೆ. ನಾಲ್ಕು ಗೋಲು ಹೊಡೆದವನ ಕಾಲು ಸಾಮಾನ್ಯವಾಗಿ ಆ ಹೊತ್ತಿಗೆ ಆತುರ ಬೀಳುತ್ತದೆ. ಇವನದ್ದು ಬೀಳಲಿಲ್ಲ. ವಿಶ್ವಕಪ್‌ನ ಒಂದು ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದವರಿದ್ದಾರೆ. ಫೊಂತೇನ್, ಯುಸೇಬಿಯೊ, ಬುತ್ರಗೇನ್ಯೊ. ಐದು ಹೊಡೆದವನು ಇವನೊಬ್ಬನೇ. 2022ರ ಕತಾರ್ ಮುಗಿಯುವವರೆಗೂ ಇನ್ನೊಬ್ಬ ಬಂದಿಲ್ಲ.

ವಿಶ್ವಕಪ್ ಮುಗಿದ ಮೇಲೆ ಸದೀರಿನ್ ಹೋದರು, ಒಲೆಗ್ ರೊಮಾಂತ್ಸೆವ್ ಬಂದರು. ಸ್ಪಾರ್ಟಕ್ ಮಾಸ್ಕೋದ ಕೋಚ್. ಬಹಿಷ್ಕಾರ ಹಾಕಿದ್ದವರು ಮರಳಿದರು. ಫಾರ್ವರ್ಡ್ ಜಾಗಕ್ಕೆ ಕಿರಿಯಾಕೊವ್, ಕೊಲಿವಾನೊವ್, ಬೆಸ್ಚಾಸ್ಟ್‌ನಿಖ್, ಯುರಾನ್, ರಾಡ್‌ಚೆಂಕೊ ಎಲ್ಲರೂ ಸಾಲಿನಲ್ಲಿದ್ದರು. ಹೊಸ ಕೋಚ್‌ಗೆ ಚಿಕ್ಕ ಚಿಕ್ಕ ಪಾಸ್‌ಗಳ ಆಟ ಬೇಕಿತ್ತು. ಬಾಕ್ಸ್‌ನಲ್ಲಿ ನಿಂತು ಮುಗಿಸುವವನು ಆ ಲೆಕ್ಕಕ್ಕೆ ಕೂರಲಿಲ್ಲ ಎಂದು ನಾನು ಓದಿಕೊಂಡಿದ್ದೇನೆ. ಆದರೂ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಗೆದ್ದ 24ರ ಹುಡುಗನನ್ನು ಒಂದು ಸಲವೂ ಆಡಿಸದೇ ಬಿಟ್ಟದ್ದು ಅನ್ಯಾಯವೇ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಥ್ರೋ ಇನ್:

ಲೊಗ್ರೊನ್ಯೆಸ್‌ನ 16 ಗೋಲು ನನಗೆ ಗೊತ್ತಿರಲಿಲ್ಲ, ಅದು ದೊಡ್ಡದೇ. ಆದರೂ ಒಂದು ಮಾತು. ಆ ದಿನ ಕ್ಯಾಮರೂನ್‌ಗೆ ಗೆಲ್ಲುವ ಆಸೆಯೇ ಇರಲಿಲ್ಲ ಅಲ್ವಾ? ಆಸೆ ಬಿಟ್ಟ ತಂಡದ ಮೇಲೆ ಮಾಡಿದ ದಾಖಲೆಗೆ ಎಷ್ಟು ಬೆಲೆ ಕೊಡಬೇಕು?

ಹಾಲ್ಫ್ ಟೈಮ್:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಮಗಳಿಗೆ ಓದಿ ಹೇಳಿದೆ. ಅವಳದ್ದು ಒಂದು ಪ್ರಶ್ನೆ. ಕೀವ್ ಅಂದರೆ ಉಕ್ರೇನ್. ಕಾಂಚೆಲ್‌ಸ್ಕಿಸ್ ಹುಟ್ಟಿದ್ದೂ ಉಕ್ರೇನ್‌ನಲ್ಲಿ ಎಂದು ಓದಿದಳಂತೆ. ಹಾಗಾದರೆ ಇವರೆಲ್ಲ ರಷ್ಯಾಕ್ಕೆ ಯಾಕೆ ಆಡಿದರು?

ಬಾಕ್ಸ್ ಒಳಗಿನವ:

ಮಗಳ ಪ್ರಶ್ನೆ ಮೊದಲು. ಸೋವಿಯತ್ ಒಕ್ಕೂಟ ಒಡೆದಾಗ 1994ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಸೋವಿಯತ್ ತಂಡದ ಜಾಗ ಸಿಕ್ಕಿದ್ದು ರಷ್ಯಾಕ್ಕೆ. ಹಳೆಯ ಸೋವಿಯತ್ ತಂಡದ ವಾರಸುದಾರ ಎಂದು. ಉಕ್ರೇನ್ ಹೊಸ ದೇಶ, ಅದಕ್ಕೆ ಆ ಅರ್ಹತಾ ಸುತ್ತಿನಲ್ಲಿ ಜಾಗವೇ ಇರಲಿಲ್ಲ. ವಿಶ್ವಕಪ್ ಆಡಬೇಕೆಂದರೆ ರಷ್ಯಾದ ಅಂಗಿ ತೊಡಬೇಕು. ಕಾಂಚೆಲ್‌ಸ್ಕಿಸ್, ಯುರಾನ್, ಒನೊಪ್ಕೊ, ನಿಕಿಫೊರೊವ್, ತ್ಸಿಂಬಲಾರ್, ಎಲ್ಲರೂ ಉಕ್ರೇನ್‌ನಲ್ಲಿ ಹುಟ್ಟಿದವರು, ರಷ್ಯಾಕ್ಕೆ ಆಡಿದವರು. ಅವರ ಮೇಲೆ ಕೋಪ ಮಾಡಿಕೊಳ್ಳುವುದು ಸುಲಭ. ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಿನ ಆಟಗಾರನ ಎದುರು ಆ ಆಯ್ಕೆ ಇಟ್ಟವರು ಯಾರು ಎಂದು ಕೇಳಬೇಕು.

ಸಲೆಂಕೋದು ಇದರ ಉಲ್ಟಾ. ಹುಟ್ಟಿದ್ದು ರಷ್ಯಾದಲ್ಲಿ, ಆಡುತ್ತಿದ್ದದ್ದು ಕೀವ್‌ನಲ್ಲಿ. 1992ರ ಏಪ್ರಿಲ್‌ನಲ್ಲಿ ಉಕ್ರೇನ್ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಉಜ್‌ಹೊರೊಡ್‌ನಲ್ಲಿ ಹಂಗೇರಿ ಎದುರು ಆಡಿತು, 1-3 ಸೋತಿತು. ಆ ತಂಡದಲ್ಲಿ ಸಲೆಂಕೋ ಇದ್ದ. ಅದು ಸ್ನೇಹ ಪಂದ್ಯವಾದ್ದರಿಂದ ಆಮೇಲೆ ರಷ್ಯಾಕ್ಕೆ ಆಡಲು ಅಡ್ಡಿಯಾಗಲಿಲ್ಲ. ಸೋವಿಯತ್ ಯುವ ತಂಡ, ಉಕ್ರೇನ್, ರಷ್ಯಾ, ಮೂರು ಬಾವುಟದ ಕೆಳಗೆ ಆಡಿದವನು. ಕ್ವಿಜ್‌ನಲ್ಲಿ ಕೇಳುವ ಪ್ರಶ್ನೆ ಇದು, ಬರೆದಿಟ್ಟುಕೊಳ್ಳಲಿ.

ಇನ್ನು ಕ್ಯಾಮರೂನ್ ಆಸೆ ಬಿಟ್ಟಿತ್ತು ಎಂಬ ಮಾತು. ಲೆಕ್ಕ ಹಾಕೋಣ. ಕ್ಯಾಮರೂನ್ ಸ್ವೀಡನ್ ಜೊತೆ 2-2 ಡ್ರಾ ಮಾಡಿತ್ತು, ಬ್ರೆಜಿಲ್‌ಗೆ 0-3 ಸೋತಿತ್ತು. ಕೈಯಲ್ಲಿ 1 ಅಂಕ. ರಷ್ಯಾವನ್ನು ಸೋಲಿಸಿದರೆ 4. ಆಗ 24 ತಂಡಗಳ ವಿಶ್ವಕಪ್, ಆರು ಗುಂಪು. ಮೂರನೇ ಸ್ಥಾನದ ಆರು ತಂಡಗಳಲ್ಲಿ ನಾಲ್ಕು ಮುಂದಿನ ಸುತ್ತಿಗೆ ಹೋಗುತ್ತಿದ್ದವು. ಇಟಲಿ 4 ಅಂಕದ ಮೇಲೇ ಮುಂದೆ ಹೋಗಿ ಫೈನಲ್ ಆಡಿತು. ಅಂದರೆ ಕ್ಯಾಮರೂನ್‌ಗೆ ಆ ಪಂದ್ಯ ಗೆಲ್ಲಲೇಬೇಕಿತ್ತು. ಬೋನಸ್ ಗಲಾಟೆ ನಿಜ, ಬೆಲ್ ಇಲ್ಲದ್ದು ನಿಜ, ಬ್ರೆಜಿಲ್ ಎದುರು ಕೆಂಪು ಕಾರ್ಡ್ ಪಡೆದ 17ರ ರಿಗೊಬೆರ್ ಸಾಂಗ್ ಕೂಡ ಇರಲಿಲ್ಲ. ಆದರೆ ಸುಮ್ನೆ ನಿಂತು ಗೋಲು ಬಿಟ್ಟುಕೊಟ್ಟರು ಎನ್ನುವುದು ಆ ಆಟಗಾರರಿಗೂ ಅವಮಾನ.

ರಷ್ಯಾಕ್ಕೆ ಗೆದ್ದರಷ್ಟೇ ಸಾಲದು. ಎರಡು ಸೋಲು, ಗೋಲು ವ್ಯತ್ಯಾಸ (ಹೊಡೆದ ಗೋಲಿನಿಂದ ಬಿಟ್ಟುಕೊಟ್ಟದ್ದನ್ನು ಕಳೆದರೆ ಬರುವುದು) ಮೈನಸ್ 4. ಎಷ್ಟು ಜಾಸ್ತಿ ಹೊಡೆದರೆ ಅಷ್ಟು ಒಳ್ಳೆಯದು. 3-0 ಆದ ಮೇಲೂ ಅವರು ನುಗ್ಗುತ್ತಲೇ ಇದ್ದದ್ದು ಅದಕ್ಕೇ. 6-1 ಆದಾಗ ರಷ್ಯಾ 3 ಅಂಕ, ಪ್ಲಸ್ 1ರಲ್ಲಿ ಬಂದು ನಿಂತಿತು. ಆಮೇಲೆ ಎರಡು ದಿನ ಬೇರೆಯವರ ಆಟ ನೋಡುತ್ತ ಕಾಯಬೇಕು.

ಜೂನ್ 29ಕ್ಕೆ ಬೆಲ್ಜಿಯಂ ಎದುರು ಸೌದಿ ಅರೇಬಿಯಾ. ಸೌದಿ ಸೋತಿದ್ದರೆ ರಷ್ಯಾ ಮುಂದಿನ ಸುತ್ತಿಗೆ. ಆದರೆ ಅವತ್ತು ಸಯೀದ್ ಅಲ್ ಒವೈರಾನ್ ತನ್ನ ಅರ್ಧ ಮೈದಾನದಿಂದ ಒಬ್ಬನೇ ಚೆಂಡು ಒಯ್ದು ಆ ಪ್ರಸಿದ್ಧ ಗೋಲು ಹೊಡೆದ. ಸೌದಿ 1-0 ಗೆದ್ದಿತು. ಉಳಿದದ್ದು ಜೂನ್ 30ರ ಬಲ್ಗೇರಿಯಾ-ಅರ್ಜೆಂಟೀನಾ ಪಂದ್ಯ. ಬಲ್ಗೇರಿಯಾ ಸೋತಿದ್ದರೂ ರಷ್ಯಾ ಒಳಗೆ. ಡಲ್ಲಾಸ್‌ನಲ್ಲಿ ಬಲ್ಗೇರಿಯಾ 2-0 ಗೆದ್ದಿತು. 61ನೇ ನಿಮಿಷದ ಮೊದಲ ಗೋಲು ಸ್ಟೊಯ್ಚ್‌ಕೊವ್‌ನದು. ಸಲೆಂಕೋ ಜೊತೆ ಗೋಲ್ಡನ್ ಬೂಟ್ ಹಂಚಿಕೊಂಡವನೇ ಸಲೆಂಕೋಗೆ ನಾಲ್ಕನೇ ಪಂದ್ಯ ಸಿಗದ ಹಾಗೆ ಮಾಡಿದ. ಸ್ಟೊಯ್ಚ್‌ಕೊವ್ 6 ಗೋಲಿಗೆ ಏಳು ಪಂದ್ಯ ಆಡಿದ. ಸಲೆಂಕೋ ಮೂರು, ಅದರಲ್ಲೂ ಒಂದು ಪೂರ್ತಿ ಇಲ್ಲ. ಗುಂಪು ಹಂತದಲ್ಲೇ ಹೊರಬಿದ್ದ ತಂಡದಿಂದ ಗೋಲ್ಡನ್ ಬೂಟ್ ಗೆದ್ದವನು ಬೇರೆ ಯಾರೂ ಇಲ್ಲ.

ಲೀಗಾ ಹುಚ್ಚ:

ನನ್ನದೂ ಒಂದು. ನಾನು ಹಳೆಯ ಲಾ ಲೀಗಾ ಪಂದ್ಯಗಳನ್ನು ಹುಡುಕಿ ನೋಡುವವನು. ವಿಶ್ವಕಪ್ ಆದ ಕೂಡಲೇ ಸಲೆಂಕೋ ವೆಲೆನ್ಸಿಯಾಗೆ ಹೋದ. ಕೋಚ್ ಕಾರ್ಲೋಸ್ ಆಲ್ಬರ್ಟೊ ಪರೇರಾ, ಆಗಷ್ಟೇ ಬ್ರೆಜಿಲ್‌ಗೆ ಕಪ್ ಗೆದ್ದುಕೊಟ್ಟವರು. ಗೋಲ್‌ನಲ್ಲಿ ಸುಬಿಸರೆಟಾ, ಮುಂದೆ ಮಿಯಾತೊವಿಚ್. ಎಲ್ಲ ಕೂಡಿಬಂದಿತ್ತು. ಆದರೆ ಲೀಗ್‌ನಲ್ಲಿ ಅವನದು 7 ಗೋಲು ಅಷ್ಟೇ. ಒಂದೇ ವರ್ಷಕ್ಕೆ ಹೊರಟುಹೋದ. ಅಲ್ಲಿ ಏನಾಯಿತು ಬಾಕ್ಸ್ ಒಳಗಿನವರೇ? ಲೊಗ್ರೊನ್ಯೆಸ್‌ನಲ್ಲಿ ಕಂಡ ಮನುಷ್ಯ ಅಲ್ಲಿ ಕಾಣಲಿಲ್ಲ.

ಬಾಕ್ಸ್ ಒಳಗಿನವ:

ನನಗೆ ಅನಿಸುವುದು ಹೀಗೆ. ಲೊಗ್ರೊನ್ಯೆಸ್‌ನಲ್ಲಿ ಇಡೀ ತಂಡ ಅವನನ್ನೇ ಹುಡುಕುತ್ತಿತ್ತು. ಚೆಂಡು ಸಿಕ್ಕರೆ ಕಣ್ಣು ಅವನ ಕಡೆ. ವೆಲೆನ್ಸಿಯಾದಲ್ಲಿ ಚೆಂಡು ಹೋಗುವುದು ಮಿಯಾತೊವಿಚ್ ಕಡೆ. ಬಾಕ್ಸ್‌ನಲ್ಲಿ ಬದುಕುವ ಆಟಗಾರ ಬಾಳೆ ಬುಡದ ಕಂದಿನ ಹಾಗೆ, ನೀರು ಅವನ ಕಡೆ ತಿರುಗಿಸಿದರೆ ಮಾತ್ರ ಗೊನೆ. ಅವನಾಗಿ ಕೆಳಗಿಳಿದು ಬಂದು ಆಟ ಕಟ್ಟುವವನಲ್ಲ. ಹೆಸರು ಬಂದ ಮೇಲೆ ಡಿಫೆಂಡರ್‌ಗಳೂ ಅವನಿಗೆ ಜಾಗ ಬಿಡುವುದಿಲ್ಲ. ಮೊದಲು ಸಿಗುತ್ತಿದ್ದ ಅರ್ಧ ಹೆಜ್ಜೆ ಈಗ ಸಿಗುವುದಿಲ್ಲ. ಆ ಅರ್ಧ ಹೆಜ್ಜೆಯೇ ಅವನ ಆಟ.

ಅಲ್ಲಿಂದ 1995ರಲ್ಲಿ ಸ್ಕಾಟ್ಲೆಂಡ್‌ನ ರೇಂಜರ್ಸ್. ಇಂಗ್ಲೆಂಡ್‌ನ ಗ್ಯಾಸ್ಕಾಯಿನ್ ಕೂಡ ಅದೇ ಬೇಸಿಗೆಯಲ್ಲಿ ಬಂದಿದ್ದ. ಲೀಗ್‌ನಲ್ಲಿ 16 ಪಂದ್ಯ, 7 ಗೋಲು. ಇದನ್ನು ಕೆಟ್ಟದ್ದು ಎನ್ನಬೇಡಿ. ಹೆಚ್ಚುಕಡಿಮೆ ಎರಡು ಪಂದ್ಯಕ್ಕೊಂದು ಗೋಲು. ಆದರೂ 1996ರ ಜನವರಿಯಲ್ಲಿ ಪೀಟರ್ ವಾನ್ ವೊಸೆನ್‌ನನ್ನು ತೆಗೆದುಕೊಂಡು ಇವನನ್ನು ಟರ್ಕಿಯ ಇಸ್ತಾನ್‌ಬುಲ್‌ಸ್ಪೋರ್‌ಗೆ ಕೊಟ್ಟರು. ಅಲ್ಲಿ ಬೇಗ ಹೊಂದಿಕೊಂಡ, ಮತ್ತೆ ಗೋಲು ಬರತೊಡಗಿದವು. ಆಗಲೇ ಮೊಣಕಾಲು ಕೈಕೊಟ್ಟಿತು. ಆಪರೇಷನ್ ಆಯಿತು, ಮತ್ತೆ ಆಯಿತು. ವರ್ಷಗಳು ಹೋದವು. ಸ್ಪೇನ್‌ನ ಕೊರ್ಡೊಬಾದಲ್ಲಿ ಬೆರಳೆಣಿಕೆಯ ಪಂದ್ಯ, ಪೋಲೆಂಡ್‌ನ ಪೊಗೊನ್ ಷೆಚಿನ್‌ನಲ್ಲಿ ಒಂದೇ ಒಂದು. 31ಕ್ಕೆ ಬೂಟು ಬಿಚ್ಚಿದ.

ನನ್ನ ಮೊಣಕಾಲೂ ಹೀಗೇ ಹೋದದ್ದು. ನನ್ನದು ಜಿಲ್ಲಾ ಮಟ್ಟದ ಆಟ, ಹೋಲಿಕೆ ಇಲ್ಲ. ಆದರೆ ತಿರುಗುವಾಗ ಕಾಲು ಮೊದಲಿನಂತೆ ಕೇಳುವುದಿಲ್ಲ ಎಂದು ಗೊತ್ತಾದ ಗಳಿಗೆ ಹೇಗಿರುತ್ತದೆ ಎಂದು ಗೊತ್ತು. ತಿರುಗುವುದೇ ಅವನ ಕಸುಬು. ಅದಕ್ಕೇ ‘ದೊಡ್ಡ ಕ್ಲಬ್‌ಗೆ ಹೋಗಿ ಏನೂ ಮಾಡಲಿಲ್ಲ’ ಎಂದಾಗ ನನಗೆ ನೋವಾಗುತ್ತದೆ. 24ರಿಂದ 26ರವರೆಗೆ ಮೂರು ದೇಶ, ಮೂರು ಕ್ಲಬ್. ಎಲ್ಲೂ ಬೇರು ಬಿಡಲು ಸಮಯ ಸಿಗಲಿಲ್ಲ. ಆಮೇಲೆ ಕಾಲು ಬಿಡಲಿಲ್ಲ.

ಹಾಲ್ಫ್ ಟೈಮ್:

ಮಗಳು ಕ್ಯಾಮರೂನ್ ಪಂದ್ಯ ನೋಡಬೇಕು ಎಂದು ಹಠ ಹಿಡಿದಿದ್ದಾಳೆ. ಯಾವುದು ನೋಡಿಸಲಿ? ಗೋಲು ಮಾತ್ರ ಇರುವ ತುಣುಕುಗಳು ಬೇಕಾದಷ್ಟಿವೆ.

ಬಾಕ್ಸ್ ಒಳಗಿನವ:

ತುಣುಕು ಬೇಡ. ಪೂರ್ತಿ ಪಂದ್ಯ ಸಿಕ್ಕರೆ ಮೊದಲ ಅರ್ಧವನ್ನಾದರೂ ಪೂರ್ತಿ ನೋಡಿಸಿ. 15ನೇ ನಿಮಿಷದ ಗೋಲು ಆದ ಮೇಲೆ 41ರವರೆಗೆ ಅವನ ಹೆಸರಿನಲ್ಲಿ ಏನೂ ಇಲ್ಲ. ಆ ಇಪ್ಪತ್ತೈದು ನಿಮಿಷ ಚೆಂಡನ್ನು ಬಿಟ್ಟು 9ನೇ ನಂಬರಿನವನನ್ನೇ ನೋಡಲು ಹೇಳಿ. ಎಲ್ಲಿ ನಿಲ್ಲುತ್ತಾನೆ, ಯಾವ ಡಿಫೆಂಡರ್‌ನ ಬೆನ್ನ ಹಿಂದೆ ಸರಿಯುತ್ತಾನೆ, ಪಾಸ್ ಬರದಿದ್ದಾಗ ಏನು ಮಾಡುತ್ತಾನೆ. ಅವಳು ಶಾಲೆಯಲ್ಲಿ ಆಡುವವಳಾದರೆ ಅವಳಿಗೆ ಬೇಕಾದ್ದು ಅಲ್ಲಿದೆ. ನೋಡಿ ಏನು ಕಂಡಿತು ಎಂದು ಇಲ್ಲಿ ಬರೆಯಲಿ, ನಾನು ಉತ್ತರ ಕೊಡುತ್ತೇನೆ.